ಚಳಿಗಾಲದ ಸೈಟ್‌ನಲ್ಲಿ ಪ್ರೊಪೇನ್ ಹೀಟರ್: ಆಯ್ಕೆಯಿಂದ ಆರಿಸುವವರೆಗೆ

ಕೆನಡಾದಲ್ಲಿ ಚಳಿಗಾಲ ಬಂತೆಂದು ಕಟ್ಟಡದ ಕೆಲಸ ನಿಲ್ಲುವುದಿಲ್ಲ. ಎಡ್ಮಂಟನ್‌ನಲ್ಲೋ ಒಟ್ಟಾವಾದಲ್ಲೋ ಜನವರಿಯ ಬೆಳಿಗ್ಗೆ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಕಾಂಕ್ರೀಟ್ ಸುರಿಯುತ್ತಾರೆ, ಜಿಪ್ಸಂ ಹಲಗೆ ಕೂರಿಸುತ್ತಾರೆ, ಬಣ್ಣ ಬಳಿಯುತ್ತಾರೆ. ಕಟ್ಟುತ್ತಿರುವ ಭಾಗವನ್ನು ಟಾರ್ಪಾಲಿನ್‌ನಿಂದ ಸುತ್ತಿ ಒಳಗೆ ಪ್ರೊಪೇನ್ ಹೀಟರ್ ಹಚ್ಚುವುದರಿಂದ ಇದೆಲ್ಲ ಸಾಧ್ಯವಾಗುತ್ತದೆ. ಕರ್ನಾಟಕದಿಂದ ಇಲ್ಲಿಗೆ ಬಂದು ಸೈಟ್ ಎಂಜಿನಿಯರ್, ಮೇಲ್ವಿಚಾರಕ ಅಥವಾ ಕೆಲಸಗಾರರಾಗಿ ಮೊದಲ ಚಳಿಗಾಲ ಎದುರಿಸುವ ನಮ್ಮವರು ಈ ಯಂತ್ರವನ್ನು ಊರಿನಲ್ಲಿ ನೋಡಿಯೇ ಇರುವುದಿಲ್ಲ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹೀಟರ್ ಅಪಾಯವೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೆಂಕಿ. ಬೆಂಕಿ ಕಣ್ಣಿಗೆ ಕಾಣುತ್ತದೆ, ಜನ ಓಡುತ್ತಾರೆ, ಯಾರೋ ಒಬ್ಬರು ಅಗ್ನಿಶಾಮಕ ತರುತ್ತಾರೆ. ನಾನು ಅದಕ್ಕಿಂತ ಹೆಚ್ಚು ಹೆದರುವುದು ಮುಚ್ಚಿದ ಕಿಂಡಿಗೆ. ಗಾಳಿ ಆಡಲೆಂದು ಬಿಟ್ಟ ಸಂದಿಯಿಂದ ಚಳಿ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಯಾರೋ ಪಾಪ ಒಳ್ಳೆಯ ಮನಸ್ಸಿನಿಂದಲೇ ಅದಕ್ಕೊಂದು ಪ್ಲೈವುಡ್ ತುಂಡು ಅಡ್ಡ ಇಡುತ್ತಾರೆ. ಆ ಗಳಿಗೆಯಿಂದ ಒಳಗಿನ ಗಾಳಿ ವಿಷವಾಗತೊಡಗುತ್ತದೆ. ಕೆಳಗಿನ ಹಂತಗಳಲ್ಲಿ ಯಾವುದನ್ನು ಮರೆತರೂ ಗಾಳಿಯ ಹಂತವನ್ನು ಮರೆಯಬೇಡಿ.

ಗ್ಯಾಸ್‌ನ ಸ್ವಭಾವ

ನಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಮಿಶ್ರಣ. ಬ್ಯುಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಕೆನಡಾದ ಸೈಟ್‌ಗಳಲ್ಲಿ ಪ್ರೊಪೇನ್ ಬಳಸುವುದು ಈ ಕಾರಣಕ್ಕೆ.

ಅದರ ಆವಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರಿ ಹೋಗದೆ ನೀರಿನಂತೆ ತಗ್ಗಿಗೆ ಹರಿಯುತ್ತದೆ: ನೆಲಮಾಳಿಗೆ, ಲಿಫ್ಟ್ ಗುಂಡಿ, ಪೈಪಿಗಾಗಿ ತೋಡಿದ ಕಾಲುವೆ, ಚರಂಡಿ. ಗಾಳಿಯಲ್ಲಿ ಪ್ರೊಪೇನ್ ಪ್ರಮಾಣ 2.1ರಿಂದ 9.5 ಶೇಕಡಾ ಇದ್ದರೆ ಒಂದು ಕಿಡಿ ಸಾಕು. ಒಂದು ಲೀಟರ್ ದ್ರವ ಸುಮಾರು 270 ಲೀಟರ್ ಆವಿಯಾಗುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಕೆಜಿ ಸೋರಿದರೆ ಸುಮಾರು 25 ಘನ ಮೀಟರ್ ಗಾಳಿ, ಅಂದರೆ ಸೈಟಿನ ಒಂದು ಸಣ್ಣ ಕೋಣೆಯಷ್ಟು ಗಾಳಿ, ಹೊತ್ತಿಕೊಳ್ಳಲು ಸಿದ್ಧವಾಗಿ ನಿಲ್ಲುತ್ತದೆ.

ಪ್ರೊಪೇನ್‌ಗೆ ತನ್ನದೇ ವಾಸನೆಯಿಲ್ಲ. ಕೊಳೆತ ಮೊಟ್ಟೆಯಂಥ ವಾಸನೆ ಬರುವುದು ಬೆರೆಸಿದ ಈಥೈಲ್ ಮರ್ಕ್ಯಾಪ್ಟಾನ್‌ನಿಂದ. ನೆಗಡಿಯಾಗಿದ್ದರೆ, ಮುಖಕ್ಕೆ ಮಫ್ಲರ್ ಸುತ್ತಿದ್ದರೆ, ಪಕ್ಕದಲ್ಲಿ ಬಣ್ಣ ಬಳಿಯುತ್ತಿದ್ದರೆ ಆ ವಾಸನೆ ಗೊತ್ತಾಗದೆ ಹೋಗಬಹುದು. ಮೂಗನ್ನು ನಂಬಿ, ಆದರೆ ಮೂಗೊಂದನ್ನೇ ನಂಬಬೇಡಿ.

ಹಂತ 1: ಯಾರು ಮುಟ್ಟಬಹುದು

ಒಂಟಾರಿಯೊದಲ್ಲಿ ನಿರ್ಮಾಣ ಹೀಟರ್ ನಡೆಸುವವರು ಅದಕ್ಕೆಂದೇ ತರಬೇತಿ ಪಡೆದಿರಬೇಕು, ಅದರ ದಾಖಲೆ ಕೈಯಲ್ಲಿರಬೇಕು. ಇದನ್ನು ನೋಡಿಕೊಳ್ಳುವ ಸಂಸ್ಥೆ ಟಿಎಸ್‌ಎಸ್‌ಎ. ಬೇರೆ ಪ್ರಾಂತ್ಯಗಳಲ್ಲಿ ಅವುಗಳದೇ ನಿಯಮಗಳಿವೆ. ಸೇರಿದ ದಿನವೇ ಕೇಳಿ ತಿಳಿದುಕೊಳ್ಳಿ. "ನೀನೇ ಹಚ್ಚಿಬಿಡು, ಬಟನ್ ಒತ್ತಿದರೆ ಆಯಿತು" ಎಂದು ಮೇಸ್ತ್ರಿ ಹೇಳಿದರೆ, ತರಬೇತಿ ಆಗಿಲ್ಲವೆಂದು ಹೇಳಲು ಸಂಕೋಚ ಬೇಡ. ಅಸುರಕ್ಷಿತ ಕೆಲಸ ನಿರಾಕರಿಸುವ ಹಕ್ಕು ಕೆನಡಾದ ಕಾನೂನಿನಲ್ಲಿ ಸ್ಪಷ್ಟವಾಗಿದೆ. ವೀಸಾ ಯಾವುದಾದರೂ ಆ ಹಕ್ಕು ನಿಮಗಿದೆ. ಹೊಸದಾಗಿ ಬಂದವರು ಕೆಲಸ ಹೋದೀತೆಂದು ಬಾಯಿ ಕಟ್ಟಿಕೊಂಡು ಕೂರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಪ್ರತಿ ಪಾಳಿಗೆ ಒಬ್ಬರನ್ನು ಹೀಟರ್‌ಗೆ ಹೊಣೆ ಮಾಡಿ, ಅವರ ಹೆಸರನ್ನು ಹೀಟರ್ ಬಳಿ ಬರೆದು ಅಂಟಿಸಿ. ಎಲ್ಲರ ಹೊಣೆ ಎಂದು ಬಿಟ್ಟದ್ದು ಕೊನೆಗೆ ಯಾರ ಹೊಣೆಯೂ ಆಗುವುದಿಲ್ಲ.

ಹಂತ 2: ಯಾವ ಹೀಟರ್, ಎಷ್ಟು ದೊಡ್ಡದು

ಸೈಟ್‌ನಲ್ಲಿ ಸಾಮಾನ್ಯವಾಗಿ ಮೂರು ಬಗೆ ಸಿಗುತ್ತವೆ. ಫ್ಯಾನ್‌ನಿಂದ ಬಿಸಿಗಾಳಿ ಊದುವ ಟಾರ್ಪಿಡೊ ಹೀಟರ್. ಫ್ಯಾನ್ ಇಲ್ಲದೆ ಸುತ್ತಲೂ ಶಾಖ ಹರಡುವ ಅಥವಾ ಕೆಂಪಗೆ ಕಾದು ಎದುರಿನವರನ್ನು ಬೆಚ್ಚಗಿಡುವ ಹೀಟರ್. ಮತ್ತು ತಾನು ಹೊರಗೆ ನಿಂತು, ಹೊಗೆಯನ್ನು ಹೊರಗೇ ಬಿಟ್ಟು, ಬಿಸಿಯಾದ ಶುದ್ಧ ಗಾಳಿಯನ್ನು ಮಾತ್ರ ದಪ್ಪ ಕೊಳವೆಯಲ್ಲಿ ಒಳಗೆ ಕಳಿಸುವ ಪರೋಕ್ಷ ಹೀಟರ್. ಮೂರನೆಯದಕ್ಕೆ ಬಾಡಿಗೆ ಹೆಚ್ಚು, ಇಂಧನವೂ ಹೆಚ್ಚು ಬೇಕು. ಆದರೂ ಜನ ದಿನವಿಡೀ ದುಡಿಯುವ ಮುಚ್ಚಿದ ಜಾಗಕ್ಕೆ ನಾನು ಕೇಳುವುದು ಅದನ್ನೇ. ಮೊದಲೆರಡು ಬಗೆ ಸುಟ್ಟ ಗಾಳಿಯನ್ನೆಲ್ಲ ಕೋಣೆಯೊಳಗೇ ಬಿಡುತ್ತವೆ.

ಗಾತ್ರ ನಿರ್ಧರಿಸಲು ಸರಳ ಲೆಕ್ಕವಿದೆ. ಜಾಗದ ಘನ ಮೀಟರ್, ಎಷ್ಟು ಡಿಗ್ರಿ ಏರಿಸಬೇಕು ಎಂಬುದು, ಗೋಡೆಯ ಗುಣ — ಈ ಮೂರನ್ನೂ ಗುಣಿಸಿ. ಗೋಡೆಯ ಗುಣಕ್ಕೆ, ಬರಿಯ ಟಾರ್ಪಾಲಿನ್ ಅಥವಾ ತಗಡಾದರೆ 3ರಿಂದ 4, ಸಾಧಾರಣ ಇನ್ಸುಲೇಷನ್ ಇದ್ದರೆ 1ರಿಂದ 2 ಹಿಡಿಯುತ್ತಾರೆ. ಬಂದ ಉತ್ತರ ಗಂಟೆಗೆ ಬೇಕಾದ ಕಿಲೊಕ್ಯಾಲರಿ. ಅದನ್ನು 4ರಿಂದ ಗುಣಿಸಿದರೆ ಬಿಟಿಯು, ಅಂದರೆ ಇಲ್ಲಿ ಹೀಟರಿನ ಶಕ್ತಿ ಹೇಳಲು ಬಳಸುವ ಶಾಖದ ಅಳತೆ.

10 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಎತ್ತರದ ಟಾರ್ಪಾಲಿನ್ ಆವರಣ ತೆಗೆದುಕೊಳ್ಳಿ. ಒಟ್ಟು 240 ಘನ ಮೀಟರ್. ಹೊರಗೆ ಸೊನ್ನೆಗಿಂತ 10 ಕೆಳಗೆ, ಒಳಗೆ 10 ಡಿಗ್ರಿ ಬೇಕು, ವ್ಯತ್ಯಾಸ 20. ಗುಣಾಂಕ 4. ಉತ್ತರ 19,200 ಕಿಲೊಕ್ಯಾಲರಿ, ಸುಮಾರು 77,000 ಬಿಟಿಯು. ಇಷ್ಟಕ್ಕೆ 1,50,000 ಬಿಟಿಯುವಿನ ಟಾರ್ಪಿಡೊ ತಂದು ಇಟ್ಟರೆ ಬೇಗ ಬಿಸಿಯಾಗುತ್ತದೆ ನಿಜ; ಜೊತೆಗೆ ಗಾಳಿಯನ್ನೂ ಅಷ್ಟೇ ಬೇಗ ತಿನ್ನುತ್ತದೆ, ಟಾರ್ಪಾಲಿನ್ ಅನ್ನೂ ಸುಡುತ್ತದೆ.

77,000 ಬಿಟಿಯುವಿಗೆ ಗಂಟೆಗೆ ಸುಮಾರು 1.6 ಕೆಜಿ ಪ್ರೊಪೇನ್ ಉರಿಯುತ್ತದೆ. ಒಂದು ಕೆಜಿ ಪ್ರೊಪೇನ್ ಉರಿದರೆ 1.6 ಕೆಜಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅಂದರೆ ಗಂಟೆಗೆ ಎರಡೂವರೆ ಲೀಟರ್ ನೀರು, ಹತ್ತು ಗಂಟೆಯ ರಾತ್ರಿಗೆ 25 ಲೀಟರ್! ಬಣ್ಣ ಒಣಗಲಿ ಎಂದು ರಾತ್ರಿಯಿಡೀ ಹೀಟರ್ ಹಚ್ಚಿ, ಬೆಳಿಗ್ಗೆ ಗೋಡೆ ಬೆವರಿದ್ದನ್ನು ಕಂಡು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇಲ್ಲಿದೆ. ಗಾಳಿ ಆಡದಿದ್ದರೆ ಒಣಗುವುದೂ ಇಲ್ಲ.

ಹಂತ 3: ಗಾಳಿಗೆ ಎರಡು ದಾರಿ

ಒಂದು ಕೆಜಿ ಪ್ರೊಪೇನ್ ಪೂರ್ತಿ ಉರಿಯಲು ಹದಿನೈದು ಕೆಜಿಗೂ ಹೆಚ್ಚು ಗಾಳಿ ಬೇಕು. ಅದು ಸಿಗದಿದ್ದರೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಆದ್ದರಿಂದ ಎರಡು ಕಿಂಡಿಗಳು ಬೇಕು: ತಾಜಾ ಗಾಳಿ ಬರಲು ನೆಲದ ಹತ್ತಿರ ಒಂದು, ಸುಟ್ಟ ಗಾಳಿ ಹೋಗಲು ಚಾವಣಿಯ ಹತ್ತಿರ ಇನ್ನೊಂದು, ಸಾಧ್ಯವಾದರೆ ಎದುರುಬದುರು. ಎಷ್ಟು ಬಿಟಿಯುವಿಗೆ ಎಷ್ಟು ಅಗಲದ ಕಿಂಡಿ ಎಂಬುದು ಹೀಟರಿನ ಫಲಕದ ಮೇಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಎರಡು ಹೀಟರ್ ಇದ್ದರೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಿ.

ಕಿಂಡಿಯನ್ನು ಮುಚ್ಚಲಾಗದ ಹಾಗೆ ಮಾಡುವುದೇ ಜಾಣತನ. ಟಾರ್ಪಾಲಿನ್‌ನಲ್ಲಿ ಸುಮ್ಮನೆ ಸಂದಿ ಬಿಟ್ಟರೆ ಯಾರಾದರೂ ಎಳೆದು ಕಟ್ಟುತ್ತಾರೆ. ಮರದ ಚೌಕಟ್ಟು ಹೊಡೆದು, ಜಾಲರಿ ಹಾಕಿ, ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ "ಮುಚ್ಚಬೇಡಿ" ಎಂದು ಅಲ್ಲಿ ದುಡಿಯುವವರ ಭಾಷೆಗಳಲ್ಲೆಲ್ಲ ಬರೆಯಿರಿ. ಚಳಿ ತಡೆಯಲಾಗದು ಎಂದು ಕೆಲಸಗಾರರು ದೂರಿದರೆ ಅದು ಹೀಟರ್ ಸಣ್ಣದಾಯಿತು ಅಥವಾ ಆವರಣ ಹರಿದಿದೆ ಎಂಬುದರ ಸೂಚನೆ. ಅದಕ್ಕೆ ಪರಿಹಾರ ದೊಡ್ಡ ಹೀಟರ್, ದಪ್ಪ ಟಾರ್ಪಾಲಿನ್, ಬೆಚ್ಚಗಿನ ವಿಶ್ರಾಂತಿ ಕೋಣೆ. ಹಿಮ ಬಿದ್ದ ಮೇಲೆ ಹೊರಗಿನಿಂದ ಹೋಗಿ ಕೆಳಗಿನ ಕಿಂಡಿಯನ್ನು ನೋಡಿ. ರಾತ್ರಿ ಸುರಿದ ಹಿಮವೇ ಅದನ್ನು ಮುಚ್ಚಿರಬಹುದು.

ಹಂತ 4: ಇಡುವ ಜಾಗ

ಹೀಟರ್ ಸಮತಟ್ಟಾದ, ಗಟ್ಟಿ ನೆಲದ ಮೇಲೆ ನಿಲ್ಲಬೇಕು. ಮರದ ನೆಲದ ಮೇಲೆ ಇಡಬಹುದೆಂದು ತಯಾರಕರು ಹೇಳದಿದ್ದರೆ ನೇರವಾಗಿ ಇಡಬೇಡಿ. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆಯಾದ ಓಶಾದ ನಿಯಮದ ಪ್ರಕಾರ ಕೆಳಗೆ ಶಾಖ ತಡೆಯುವ ವಸ್ತು ಅಥವಾ ಕನಿಷ್ಠ ಒಂದು ಇಂಚಿನ ಕಾಂಕ್ರೀಟ್ ಬೇಕು; ಅದು ಹೀಟರಿನಿಂದ ಎಲ್ಲ ದಿಕ್ಕಿಗೂ ಎರಡು ಅಡಿ ಚಾಚಿರಬೇಕು. ಅದೇ ನಿಯಮ ಹೊತ್ತಿಕೊಳ್ಳುವಂಥ ಟಾರ್ಪಾಲಿನ್‌ನಿಂದ ಹತ್ತು ಅಡಿ ದೂರ ಕೇಳುತ್ತದೆ, ಮತ್ತು ಗಾಳಿಗೆ ಹಾರಿ ಹೀಟರ್ ಮೇಲೆ ಬೀಳದಂತೆ ಟಾರ್ಪಾಲಿನ್ ಬಿಗಿದಿರಬೇಕು ಎನ್ನುತ್ತದೆ. ನಿಮ್ಮ ಪ್ರಾಂತ್ಯದ ನಿಯಮ ಅಥವಾ ಹೀಟರಿನ ಕೈಪಿಡಿ ಇನ್ನೂ ಹೆಚ್ಚು ದೂರ ಹೇಳಿದರೆ ಅದೇ ಅಂತಿಮ.

ಬಣ್ಣ, ತಿನ್ನರ್, ಅಂಟು, ಪೆಟ್ರೋಲ್ ಕ್ಯಾನ್, ಸ್ಪ್ರೇ ಫೋಮ್ ಇರುವ ಕಡೆ ಉರಿಯುವ ಹೀಟರ್ ಬೇಡವೇ ಬೇಡ. ಕ್ಲೋರಿನ್ ಇರುವ ದ್ರಾವಕಗಳ ಆವಿ ಜ್ವಾಲೆಗೆ ಸಿಕ್ಕರೆ ವಿಷಾನಿಲವಾಗುತ್ತದೆ. ಜಿಪ್ಸಂ ಉಜ್ಜುವ ಕೆಲಸ ನಡೆಯುತ್ತಿದ್ದರೆ ಆ ಬಿಳಿ ಪುಡಿ ಹೀಟರಿನ ಗಾಳಿದಾರಿಯಲ್ಲಿ ಕಟ್ಟಿ ಉರಿಯನ್ನು ಕೆಡಿಸುತ್ತದೆ, ದಿನವೂ ಒರೆಸಿ.

ಫ್ಯಾನ್ ಇರುವ ಹೀಟರ್‌ಗೆ ವಿದ್ಯುತ್ ಬೇಕು. ತೆಳ್ಳಗಿನ, ಉದ್ದನೆಯ ಎಕ್ಸ್‌ಟೆನ್ಷನ್ ವೈರ್ ಹಾಕಿದರೆ ವೋಲ್ಟೇಜ್ ಇಳಿದು ಫ್ಯಾನ್ ನಿಧಾನವಾಗುತ್ತದೆ, ಗಾಳಿ ಸಾಲದೆ ಉರಿ ಹಾಳಾಗುತ್ತದೆ. ಜನರೇಟರ್ ಇಟ್ಟರೆ ಆವರಣದ ಹೊರಗೆ, ಗಾಳಿಯ ಕಿಂಡಿಯಿಂದ ದೂರ ಇಡಿ.

ಹಂತ 5: ಸಿಲಿಂಡರ್ ಜೋಡಣೆ

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಉರುಳದಂತೆ ಸರಪಳಿ ಕಟ್ಟಿರಬೇಕು. ಅಡ್ಡ ಮಲಗಿಸಿದರೆ ಆವಿಯ ಬದಲು ದ್ರವವೇ ಹೋಸ್‌ಗೆ ನುಗ್ಗಿ ಜ್ವಾಲೆ ಮಾರುದ್ದ ಚಿಮ್ಮಬಹುದು. ನೆಲಮಾಳಿಗೆಯಲ್ಲಿ, ಗುಂಡಿಯ ಪಕ್ಕದಲ್ಲಿ ಇಡಬೇಡಿ. ಓಶಾ ಅಂತರಗಳು ನೆನಪಿಡಲು ಸುಲಭ: ಹೀಟರ್‌ಗೂ ಸಿಲಿಂಡರ್‌ಗೂ ಕನಿಷ್ಠ 6 ಅಡಿ, 20 ಅಡಿಯೊಳಗಿನ ಯಾವ ಸಿಲಿಂಡರ್ ಕಡೆಗೂ ಹೀಟರಿನ ಬಾಯಿ ತಿರುಗಿರಬಾರದು, ಒಂದೇ ಮಹಡಿಯಲ್ಲಿ, ನಡುವೆ ಗೋಡೆಯಿಲ್ಲದ ಜಾಗದಲ್ಲಿ ಎರಡು ಹೀಟರ್ ಇದ್ದರೆ ಒಂದರ ಸಿಲಿಂಡರಿಗೂ ಇನ್ನೊಂದರ ಸಿಲಿಂಡರಿಗೂ ನಡುವೆ 20 ಅಡಿ.

ಹೋಸ್ ಅನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಬಿರುಕು, ಸುಟ್ಟ ಕಲೆ, ಉಬ್ಬು ಕಂಡರೆ ಅದನ್ನು ಕತ್ತರಿಸಿ ಎಸೆಯಿರಿ. ಮೂಲೆಯಲ್ಲಿಟ್ಟರೆ ನಾಳೆ ಇನ್ಯಾರೋ ಬಳಸುತ್ತಾರೆ. ಟೇಪ್ ಸುತ್ತಿದ ಹೋಸ್ ಬಳಸಬೇಡಿ. ಚಕ್ರದ ಗಾಡಿ ಹೋಗುವ ದಾರಿಗೆ ಹೋಸ್ ಅಡ್ಡ ಬರಬಾರದು.

ಊರಿನ ಸಿಲಿಂಡರಿಗೆ ರೆಗ್ಯುಲೇಟರ್ ಕ್ಲಿಕ್ ಎಂದು ಕೂರುತ್ತದೆ. ಇಲ್ಲಿನ ದೊಡ್ಡ ಸಿಲಿಂಡರುಗಳ ಹಿತ್ತಾಳೆ ಜೋಡಣೆಯಲ್ಲಿ ಸಾಮಾನ್ಯವಾಗಿ ತಿರುಪು ಉಲ್ಟಾ ಇರುತ್ತದೆ. ಬಿಗಿಯಲು ಎಡಕ್ಕೆ, ಅಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲಕ್ಕೆ ತಿರುಗಿಸಿ ಒತ್ತಾಯ ಮಾಡಿದರೆ ತಿರುಪು ಹಾಳಾಗಿ ಅಲ್ಲೇ ಸೋರಿಕೆ ಶುರುವಾಗುತ್ತದೆ. ರೆಗ್ಯುಲೇಟರಿನ ಉಸಿರಾಟದ ಸಣ್ಣ ರಂಧ್ರ ಕೆಳಮುಖವಾಗಿರಲಿ, ಹಿಮ ಮೆತ್ತಿಕೊಳ್ಳದಿರಲಿ. ಅದು ಹೆಪ್ಪುಗಟ್ಟಿದರೆ ಒತ್ತಡ ಅಳತೆ ಮೀರಬಹುದು.

ಆಮೇಲೆ ಸಾಬೂನು ನೀರಿನ ಪರೀಕ್ಷೆ. ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತೆರೆದು ಪ್ರತಿ ಜೋಡಣೆಗೂ ನೊರೆ ಹಚ್ಚಿ, ಕಣ್ಣು ಹತ್ತಿರ ಇಟ್ಟು ಒಂದು ನಿಮಿಷ ನೋಡಿ. ದೊಡ್ಡ ಸೋರಿಕೆ ಭರ್ರನೆ ಗುಳ್ಳೆಯೆಬ್ಬಿಸುತ್ತದೆ. ಸಣ್ಣದು ಸಾಸಿವೆ ಗಾತ್ರದ ಬಿಳಿ ನೊರೆಯಾಗಿ ನಿಧಾನಕ್ಕೆ ಬೆಳೆಯುತ್ತದೆ; ಅವಸರದವರ ಕಣ್ಣಿಗೆ ಅದು ಬೀಳುವುದಿಲ್ಲ. ನೀರು ಹೆಪ್ಪುಗಟ್ಟುವ ಚಳಿಯಿದ್ದರೆ ಅಂಗಡಿಯಲ್ಲಿ ಸಿಗುವ, ಹೆಪ್ಪುಗಟ್ಟದ ಸೋರಿಕೆ ಪರೀಕ್ಷೆಯ ದ್ರವ ತನ್ನಿ. ಬೆಂಕಿಕಡ್ಡಿ ಗೀರಿ ನೋಡುವುದನ್ನು ಯಾರಾದರೂ ಮಾಡಿದರೆ ಕೂಡಲೇ ತಡೆಯಿರಿ.

ಹಂತ 6: ಹೊತ್ತಿಸುವುದು

1. ಹತ್ತು ಅಡಿಯೊಳಗೆ ಹೊತ್ತಿಕೊಳ್ಳುವಂಥದ್ದು ಇಲ್ಲವೆಂದು, ಕಿಂಡಿಗಳು ತೆರೆದಿವೆ ಎಂದು, ಅಗ್ನಿಶಾಮಕ ಕೈಗೆಟುಕುವಲ್ಲಿದೆ ಎಂದು ನೋಡಿ.
2. ನೆಲದ ಹತ್ತಿರ ಬಾಗಿ ಗ್ಯಾಸ್ ವಾಸನೆ ಬರುತ್ತಿದೆಯೇ ನೋಡಿ. ನಿಂತುಕೊಂಡು ನೋಡಿದರೆ ಗೊತ್ತಾಗುವುದಿಲ್ಲ.
3. ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಪಟ್ಟೆಂದು ತಿರುಗಿಸಿದರೆ ಒಳಗಿನ ಸುರಕ್ಷಾ ಕವಾಟ ಹೋಸ್ ಹರಿಯಿತೆಂದು ಭಾವಿಸಿ ಗ್ಯಾಸ್ ತಡೆಯುತ್ತದೆ. ಆಗ ವಾಲ್ವ್ ಮುಚ್ಚಿ, ಸ್ವಲ್ಪ ಕಾದು, ಮತ್ತೆ ನಿಧಾನವಾಗಿ ತೆರೆಯಿರಿ.
4. ಹೀಟರಿನ ಬಾಯಿಗೆ ಎದುರಾಗಿ ನಿಲ್ಲದೆ ಪಕ್ಕದಲ್ಲಿ ನಿಂತು, ಕೈಪಿಡಿಯ ಕ್ರಮದಂತೆ ಹೊತ್ತಿಸಿ. ಹೊತ್ತಿದ ಮೇಲೂ ಗುಂಡಿಯನ್ನು ಸುಮಾರು 30 ಸೆಕೆಂಡ್ ಒತ್ತಿಹಿಡಿಯಬೇಕಾದ ಹೀಟರುಗಳಿವೆ. ಜ್ವಾಲೆ ಆರಿದರೆ ಗ್ಯಾಸ್ ನಿಲ್ಲಿಸುವ ಸಾಧನ ಆಗಷ್ಟೇ ಬಿಸಿಯಾಗುತ್ತಿರುತ್ತದೆ.
5. ಹೊತ್ತದಿದ್ದರೆ ಗ್ಯಾಸ್ ಮುಚ್ಚಿ ಐದು ನಿಮಿಷ ಕಾಯಿರಿ.

ಜ್ವಾಲೆ ಆರಿದರೆ ಗ್ಯಾಸ್ ನಿಲ್ಲಿಸುವ ಆ ಸಾಧನವನ್ನು ತಂತಿ ಕಟ್ಟಿಯೋ ಟೇಪ್ ಸುತ್ತಿಯೋ ಸುಮ್ಮನಾಗಿಸಿದ ಹೀಟರ್ ಕಂಡರೆ ಅದನ್ನು ಸೈಟ್‌ನಿಂದ ಹೊರಗೆ ಹಾಕಿ. ಈ ವಿಷಯದಲ್ಲಿ ರಾಜಿ ಇಲ್ಲ.

ಹಂತ 7: ಉರಿಯುತ್ತಿರುವಾಗ

ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ಓಲಾಡುತ್ತಿದ್ದರೆ, ಮಸಿ ಕಟ್ಟುತ್ತಿದ್ದರೆ, ಕಣ್ಣು ಉರಿಯುತ್ತಿದ್ದರೆ ಆರಿಸಿ, ಕಾರಣ ಹುಡುಕಿ. ಆದರೆ ಜ್ವಾಲೆ ನೀಲಿಯಾಗಿದೆ ಎಂದ ಮಾತ್ರಕ್ಕೆ ಗಾಳಿ ಸರಿಯಿದೆ ಎಂದಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಅಳೆಯದೆ ಬೇರೆ ದಾರಿಯಿಲ್ಲ.

ಒಂಟಾರಿಯೊದಲ್ಲಿ ಎಂಟು ಗಂಟೆಯ ಸರಾಸರಿಗೆ ಮಿತಿ 25 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ), ಅಲ್ಪಾವಧಿಗೆ 100. ಮನೆಗೆಂದು ಮಾರುವ ಅಲಾರಂ ತಂದು ಗೋಡೆಗೆ ನೇತುಹಾಕಿ ನಿಶ್ಚಿಂತರಾಗುವವರಿದ್ದಾರೆ. ಅದು 70 ಪಿಪಿಎಂ ಇದ್ದಾಗ ಒಂದರಿಂದ ನಾಲ್ಕು ಗಂಟೆಯ ನಂತರ ಕೂಗುವಂತೆ ಮಾಡಿದ್ದು. ಮಲಗಿದ ಮನೆಮಂದಿಯನ್ನು ಸಾವಿನಿಂದ ಉಳಿಸುವುದು ಅದರ ಕೆಲಸ, ದುಡಿಯುವವರ ದಿನದ ಮಿತಿ ಕಾಯುವುದಲ್ಲ. ಸೈಟ್‌ಗೆ ಬೇಕಾದದ್ದು ಅಂಕಿ ತೋರಿಸುವ, 25ಕ್ಕೇ ಕೂಗುವಂತೆ ಹೊಂದಿಸಿದ, ಅಂಗಿಗೆ ಸಿಕ್ಕಿಸಿಕೊಳ್ಳುವ ಮಾಪಕ. ಹೊಣೆ ಹೊತ್ತವರು ಅದನ್ನು ಹಿಡಿದು ಜನ ದುಡಿಯುವ ಮೂಲೆಗಳಲ್ಲೆಲ್ಲ ಗಂಟೆಗೊಮ್ಮೆ ಓಡಾಡಿ ಅಂಕಿ ಬರೆದಿಡಲಿ. ಏಣಿಯ ಮೇಲೆ, ಚಾವಣಿಯ ಹತ್ತಿರ ಕೆಲಸ ಮಾಡುವವರ ಬಳಿಯೂ ಅಳೆಯಬೇಕು. ಬಿಸಿಯಾದ ಸುಟ್ಟ ಗಾಳಿ ಮೊದಲು ಸೇರುವುದು ಅಲ್ಲೇ.

ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ, ಹೊರಗೆ ಹೋದಾಗ ಕಡಿಮೆಯಾದರೆ, ಅದನ್ನು ಜ್ವರದ ಲಕ್ಷಣವೆಂದು ತಳ್ಳಿಹಾಕಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, 911ಕ್ಕೆ ಕರೆ ಮಾಡಿ. ಒಳಗೆ ಬಿದ್ದವರನ್ನು ಎಳೆದು ತರಲು ಉಸಿರಾಟದ ಉಪಕರಣವಿಲ್ಲದೆ ನುಗ್ಗಿದವರೂ ಬೀಳುತ್ತಾರೆ. ಮೊದಲು ಟಾರ್ಪಾಲಿನ್ ಎತ್ತಿ, ಬಾಗಿಲು ತೆರೆದು ಗಾಳಿ ಬಿಡಿ. ಹೀಟರ್ ಪಕ್ಕ ಮಲಗಲು ಯಾರಿಗೂ, ರಾತ್ರಿ ಕಾವಲುಗಾರನಿಗೂ, ಅವಕಾಶ ಕೊಡಬೇಡಿ.

ಹಸಿ ಕಾಂಕ್ರೀಟ್ ಇದ್ದರೆ

ಎಂಜಿನಿಯರುಗಳು ಗಮನಿಸಬೇಕಾದ ಮಾತು. ಸುಟ್ಟ ಗಾಳಿಯನ್ನು ಒಳಗೇ ಬಿಡುವ ಹೀಟರಿನಿಂದ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹಸಿ ಕಾಂಕ್ರೀಟಿನ ಮೇಲ್ಪದರದೊಡನೆ ಸೇರುತ್ತದೆ. ಗಟ್ಟಿಯಾದ ಮೇಲೆ ಆ ನೆಲ ಉಗುರಿನಿಂದ ಗೀರಿದರೆ ಬಿಳಿ ಹುಡಿಯಾಗಿ ಉದುರುತ್ತದೆ, ಎಷ್ಟು ಗುಡಿಸಿದರೂ ಧೂಳು ಬರುತ್ತಲೇ ಇರುತ್ತದೆ. ಸುರಿದ ಮೊದಲ 24 ಗಂಟೆ ಪರೋಕ್ಷ ಹೀಟರ್ ಅಥವಾ ಬೆಚ್ಚಗಿನ ಹೊದಿಕೆಯನ್ನೇ ಬಳಸಿ. ಬಿಸಿಗಾಳಿ ನೇರ ಕಾಂಕ್ರೀಟಿಗೆ ಬಡಿದರೆ ಮೇಲ್ಮೈ ಬೇಗ ಒಣಗಿ ಬಿರುಕು ಬಿಡುತ್ತದೆ. ಬಾಯಿ ಬೇರೆ ಕಡೆ ತಿರುಗಿಸಿ.

ಸಿಲಿಂಡರಿಗೆ ಹಿಮ ಕಟ್ಟಿದಾಗ

ಸಿಲಿಂಡರಿನಲ್ಲಿ ಅರ್ಧ ಗ್ಯಾಸ್ ಇದ್ದರೂ ಜ್ವಾಲೆ ಕುಗ್ಗುತ್ತದೆ, ಹೊರಗೆ ಬಿಳಿ ಹಿಮದ ಪಟ್ಟಿ ಕಾಣುತ್ತದೆ. ದ್ರವ ಆವಿಯಾಗಲು ಬೇಕಾದ ಶಾಖವನ್ನು ಸುತ್ತಲ ಗಾಳಿಯಿಂದ ಎಳೆದುಕೊಳ್ಳುತ್ತದೆ. ಹೀಟರ್ ಎಳೆಯುವ ವೇಗಕ್ಕೆ ಆ ಶಾಖ ಸಾಲದಾದಾಗ ಹೀಗಾಗುತ್ತದೆ. 20 ಡಿಗ್ರಿಯ ದಿನ ಸಿಲಿಂಡರಿನೊಳಗೆ ಸುಮಾರು 735 ಕಿಲೊಪ್ಯಾಸ್ಕಲ್ ಒತ್ತಡವಿದ್ದರೆ, ಸೊನ್ನೆಗಿಂತ 30 ಕೆಳಗೆ 70ನ್ನೂ ಮುಟ್ಟುವುದಿಲ್ಲ.

ಆಗ ಬಿಸಿನೀರು ಸುರಿಯುವುದು, ಬೆಂಕಿಯುಗುಳುವ ಗ್ಯಾಸ್ ಟಾರ್ಚ್ ಹಿಡಿಯುವುದು, ಹೀಟರಿನ ಬಾಯನ್ನೇ ಸಿಲಿಂಡರ್ ಕಡೆ ತಿರುಗಿಸುವುದು — ಇವೆಲ್ಲ ಪ್ರಾಣಕ್ಕೆ ಕುತ್ತು. ಸರಿಯಾದ ದಾರಿ ದೊಡ್ಡ ಸಿಲಿಂಡರ್, ಅಥವಾ ಗ್ಯಾಸ್ ಪೂರೈಸುವವರಿಂದಲೇ ಎರಡು ಮೂರು ಸಿಲಿಂಡರುಗಳನ್ನು ಒಟ್ಟಿಗೆ ಜೋಡಿಸಿಕೊಳ್ಳುವುದು.

ಸೋರಿದರೆ, ಹೊತ್ತಿಕೊಂಡರೆ

ವಾಸನೆ ಬಂದರೆ ಸಾಧ್ಯವಾದರೆ ಸಿಲಿಂಡರ್ ವಾಲ್ವ್ ಮುಚ್ಚಿ, ಸ್ವಿಚ್ ಮುಟ್ಟದೆ, ಒಳಗೆ ಮೊಬೈಲ್ ಬಳಸದೆ ಎಲ್ಲರೂ ಹೊರಬನ್ನಿ. ಸೋರುತ್ತಿರುವ ಗ್ಯಾಸ್ ಹೊತ್ತಿಕೊಂಡಿದ್ದು, ವಾಲ್ವ್ ಮುಚ್ಚಲಾಗದಿದ್ದರೆ ಜ್ವಾಲೆಯನ್ನು ನಂದಿಸಬೇಡಿ. ನಂದಿದ ಮೇಲೂ ಸೋರುವ ಗ್ಯಾಸ್ ಹರಡಿ ಸ್ಫೋಟಿಸುತ್ತದೆ. ಜ್ವಾಲೆ ಸಿಲಿಂಡರಿನ ಮೈಗೆ ತಾಗುತ್ತಿದ್ದರೆ ಅದು ಸಿಡಿಯಬಹುದು. ದೂರ ಓಡಿ, ಉಳಿದವರನ್ನೂ ಓಡಿಸಿ. ದ್ರವ ಪ್ರೊಪೇನ್ ಚರ್ಮಕ್ಕೆ ತಗುಲಿದರೆ ಹಿಮಗಾಯವಾಗುತ್ತದೆ, ಉಜ್ಜಬೇಡಿ, ವೈದ್ಯರ ಬಳಿ ಹೋಗಿ.

ಆರಿಸುವುದು ಮತ್ತು ಸಿಲಿಂಡರ್ ಇಡುವುದು

ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ. ಹೋಸ್‌ನಲ್ಲಿ ಉಳಿದ ಗ್ಯಾಸ್ ಉರಿದು ಜ್ವಾಲೆ ತಾನೇ ಆರಲಿ. ಆಮೇಲೆ ಹೀಟರಿನ ವಾಲ್ವ್ ಮುಚ್ಚಿ, ಫ್ಯಾನ್ ಇನ್ನೂ ಸ್ವಲ್ಪ ಹೊತ್ತು ತಿರುಗಿ ತಣ್ಣಗಾದ ಮೇಲೆ ವಿದ್ಯುತ್ ತೆಗೆಯಿರಿ.

ಬಳಕೆಯಲ್ಲಿಲ್ಲದ ಸಿಲಿಂಡರುಗಳನ್ನು ಕಟ್ಟಡದೊಳಗೆ ಸಂಗ್ರಹಿಸಿಡುವಂತಿಲ್ಲ. ಹೊರಗೆ, ಬಾಗಿಲು ಕಿಟಕಿಗಳಿಂದ ದೂರ, ವಾಹನ ಡಿಕ್ಕಿ ಹೊಡೆಯದ ಕಡೆ, ನೆಟ್ಟಗೆ ನಿಲ್ಲಿಸಿ ಬೀಗ ಹಾಕಿ. ಖಾಲಿಯೆಂದುಕೊಂಡದ್ದರಲ್ಲೂ ಆವಿ ಉಳಿದಿರುತ್ತದೆ, ಆದ್ದರಿಂದ ಅದರ ವಾಲ್ವನ್ನೂ ಮುಚ್ಚಿ, ಬಿರಡೆ ಹಾಕಿ, ಮೇಲೆ "ಖಾಲಿ" ಎಂದು ಬರೆದು ಬೇರೆಯಾಗಿ ಇಡಿ. ಕಾರಿನ ಡಿಕ್ಕಿಯಲ್ಲಿ ಸಾಗಿಸಬೇಡಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ತಿಂಗಳು ಮತ್ತು ವರ್ಷ ಕೊರೆದಿರುತ್ತದೆ. ಕೆನಡಾದಲ್ಲಿ ಹತ್ತು ವರ್ಷಕ್ಕೊಮ್ಮೆ ಮರುಪರೀಕ್ಷೆ ಆಗಬೇಕು. ಅವಧಿ ಮುಗಿದದ್ದನ್ನು ಇಳಿಸಿಕೊಳ್ಳದೆ ಗ್ಯಾಸ್ ತಂದ ಗಾಡಿಯಲ್ಲೇ ವಾಪಸ್ ಕಳಿಸಿ.